ಗಂಡನ ಹೆಸರು ಹೇಳುವ ಸಭೆ

ಅವತ್ತು ಬೆಳಿಗ್ಗೆ ತಿರುನಾರಾಯಣ ಮೇಷ್ಟ್ರು ಬೆಟ್ಟಮ್ಮನನ್ನು ನೋಡಿ ನಗದೇ ಇದ್ದಿದ್ದರೆ, ಸಂಜೆ ಅವರ ಗ್ರೀಕ್ ತತ್ತ್ವಜ್ಞಾನದ ಭಾಷಣ ಬೇರೆಲ್ಲ ಭಾಷಣಗಳ ಹಾಗೆ ಯಾರಿಗೂ ತೊಂದರೆ ಕೊಡದೆ ಮುಗಿದುಹೋಗುತ್ತಿತ್ತು.

ಬೆಟ್ಟಮ್ಮ ಬಂಡೂರಿನವಳು. ಅರ್ಜಿ ಬರೆಸಲು ಮಳವಳ್ಳಿಗೆ ಬಂದಿದ್ದಳು. ಮರದ ಕೆಳಗೆ ಕೂತು ಅರ್ಜಿ ಬರೆಯುವವನು ಗಂಡನ ಹೆಸರು ಕೇಳಿದ. ಗಂಡನ ಹೆಸರು ಹೊನ್ನಯ್ಯ. ಹೆಂಡತಿಯಾದವಳು ಅದನ್ನು ಬಾಯಲ್ಲಿ ಆಡಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಮಳವಳ್ಳಿಯಲ್ಲಿ ಎಲ್ಲರಿಗೂ ತಿಳಿದ ಮಾತು. ಅವಳು ಕಿವಿಯ ಚಿನ್ನದ ಓಲೆ ಮುಟ್ಟಿ ತೋರಿಸಿದಳು. ಅವನು ‘ಓಲೆಯ್ಯ’ ಎಂದು ಬರೆದ. ಆಮೇಲೆ ಅವಳು ತನ್ನ ಪರವಾಗಿ ಗಂಡನ ಹೆಸರು ಹೇಳುವವರನ್ನು ಹುಡುಕಿಕೊಂಡು ಲಿಂಗಯ್ಯನ ಅಂಗಡಿಗೆ ಬಂದಳು. ತಾಯಿಗೆ ಸೀಗೆಕಾಯಿ ಕೊಳ್ಳಲು ಬಂದಿದ್ದ ಮೇಷ್ಟ್ರು ಅಲ್ಲಿದ್ದರು.

“ನಗಬ್ಯಾಡಿ ಮೇಷ್ಟ್ರೇ. ಗಂಡನ್ ಎಸ್ರ ಏಳಕ್ಕಾದದಾ?” ಎಂದಳು ಬೆಟ್ಟಮ್ಮ.

“ಯಾಕಾಗಲ್ಲ? ಹೆಸರು ಅನ್ನೋದು ಬರೀ ಸದ್ದಮ್ಮ. ಗ್ರೀಸ್ ದೇಶದಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಇದನ್ನ ಚರ್ಚೆ ಮಾಡಿದ್ದಾರೆ. ಹೆಸರು ವಸ್ತುವಿನ ಜೊತೆ ಹುಟ್ಟಿ ಬರುತ್ತೆ ಅಂದವರು ಕೆಲವರು. ಜನ ಒಪ್ಪಿಕೊಂಡು ಇಟ್ಟಿದ್ದು ಅಂದವರು ಇನ್ನು ಕೆಲವರು. ಎರಡನೆಯವರೇ ಸರಿ. ಬಂಡೂರು ಕುರಿಯನ್ನ ನಾಳೆಯಿಂದ ಎಲ್ಲರೂ ಒಪ್ಪಿ ಹುಲಿ ಅಂತ ಕರೆದರೆ ಏನಾಗುತ್ತೆ?”

“ಸಂತೇಲಿ ಕೊಳ್ಳಕ್ಕೆ ಜನ ಎದ್ರಿಕೊತಾರೆ,” ಎಂದ ಲಿಂಗಯ್ಯ, ಸೀಗೆಕಾಯಿ ತೂಗುತ್ತ.

ಒಂದು ತಿಂಗಳಿನಿಂದ ಗ್ರೀಕರನ್ನು ಓದಿ ಓದಿ ಮೇಷ್ಟ್ರ ತಲೆ ತುಂಬಿಹೋಗಿತ್ತು. ಅದಕ್ಕೆ ಕಾರಣವೂ ಇತ್ತು. ಮಂಡ್ಯದ ಹೈಸ್ಕೂಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಆ ಸಂಜೆಯ ಸಭೆಗೆ ಅಮಲ್ದಾರರೇ ಅಧ್ಯಕ್ಷರು. ಭಾಷಣ ಕೇಳಿ ಅವರು ಒಂದು ಮಾತು ಹೇಳಿದರೆ ಜಾಗ ಮೇಷ್ಟ್ರದ್ದೇ. ಮಂಡ್ಯದಲ್ಲಿ ಕರೆಂಟು ದೀಪ, ರೈಲು, ಹತ್ತಿರದಲ್ಲೇ ಮೇಲುಕೋಟೆಯಲ್ಲಿ ಹೆಂಡತಿ ಆಂಡಾಳ್‌ಳ ತವರು. ಮಳವಳ್ಳಿಯಲ್ಲಿ ಲಾಟೀನಿನ ಗಾಜು ಒರೆಸಿ ಒರೆಸಿ ಗಂಡಹೆಂಡಿರಿಬ್ಬರಿಗೂ ಸಾಕಾಗಿತ್ತು.

“ಅಂಗಾರೆ ನಿಮ್ಮನೇವ್ರ ಬಾಯಲ್ಲಿ ನಿಮ್ ಎಸ್ರ ಏಳ್ಸಿ ನೋಡವ,” ಎಂದ ಲಿಂಗಯ್ಯ.

ಅಂಗಡಿ ಮುಂದೆ ಆಗಲೇ ಐದಾರು ಜನ ಸೇರಿದ್ದರು. ಜನ ಸೇರಿದ ಕಡೆ ಮೇಷ್ಟ್ರಿಗೆ ವಿವೇಕ ಉಳಿಯುತ್ತಿರಲಿಲ್ಲ. “ಹೇಳಿಸ್ತೀನಿ. ಇವತ್ತು ಸಂಜೆ, ಅಮಲ್ದಾರರ ಎದುರಿಗೇ ಹೇಳಿಸ್ತೀನಿ,” ಎಂದುಬಿಟ್ಟರು.

ಮನೆಗೆ ಬರುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಬಂದು ನಡುಮನೆಯಲ್ಲಿ ಕೂತಿತ್ತು. ತಾಯಿ ತಿರುಮಲಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು. “ನಿನ್ನ ಆಯುಸ್ಸಿನ ಮೇಲೆ ನಿನಗೆ ಯಾಕೋ ಇಷ್ಟು ಕೋಪ? ಆ ಗ್ರೀಕರೆಲ್ಲ ಈಗ ಇದ್ದಾರೇನೋ? ಒಬ್ಬನಾದರೂ ಬದುಕಿದ್ದಾನೇನೋ?”

ಮೇಷ್ಟ್ರು ಸೀಗೆಕಾಯಿಯ ಪೊಟ್ಟಣವನ್ನು ತಾಯಿಯ ಮುಂದಿಟ್ಟರು. ಅಡಿಗೆಮನೆಗೆ ಹೋದರು. ಆಂಡಾಳ್ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು.

“ಇವಳೇ, ಒಂದೇ ಒಂದು ಸಲ ಹೇಳಿಬಿಡು.”

“ನನ್ನಿಂದಾಗಲ್ಲ. ತವರಿನ ದೇವರದ್ದೂ ಅದೇ ಹೆಸರು. ಮದುವೆಯಾದ ಮೇಲೆ ನಾನು ದೇವರನ್ನೇ ‘ಮೇಲುಕೋಟೆ ಸ್ವಾಮಿ’ ಅಂತ ಕರೀತಿದ್ದೀನಿ,” ಎಂದು ಆಂಡಾಳ್ ಇನ್ನೊಂದು ಕಲ್ಲು ತೆಗೆದು ಹೊರಗೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಸುದ್ದಿಗೆ ಕೈಕಾಲು ಬಂದವು. ಮೇಷ್ಟ್ರು ಜಾತಿ ಬಿಟ್ಟು ಗ್ರೀಕರ ಮತ ಸೇರುತ್ತಾರಂತೆ ಎಂದರು ಕೆಲವರು. ಇವತ್ತಿನಿಂದ ಊರಿನ ಹೆಂಗಸರೆಲ್ಲ ಗಂಡಂದಿರನ್ನು ಹೆಸರು ಹಿಡಿದು ಕರೆಯಬೇಕೆಂದು ಸರ್ಕಾರದ ಹುಕುಂ ಆಗಿದೆಯಂತೆ ಎಂದರು ಬೇರೆ ಕೆಲವರು. ಹಲಗೂರಿನಿಂದ ಬಂದ ಬಸ್ಸಿನಲ್ಲಿ ಸಭೆ ನೋಡಲೆಂದೇ ಒಂದಷ್ಟು ಜನ ಇಳಿದರು. ಹೆಡ್‌ಮೇಷ್ಟ್ರು ಬೆವರು ಒರೆಸಿಕೊಳ್ಳುತ್ತ ಬಂದು, “ವಿಷಯ ಅಮಲ್ದಾರರ ಕಿವಿಗೂ ಬಿದ್ದಿದೆ. ಶ್ರೀಮತಿಯವರನ್ನೂ ಕರಕೊಂಡು ಬರ್ತಾರಂತೆ. ನಿಮ್ಮವರು ಹೆಸರು ಹೇಳದೆ ಹೋದರೆ ನೀವು ಮಂಡ್ಯ ಮರೆತುಬಿಡಿ,” ಎಂದು ಹೇಳಿ ಹೋದರು.

ಮೇಷ್ಟ್ರು ಮತ್ತೆ ಅಡಿಗೆಮನೆ ಸೇರಿದರು. ಸಾಕ್ರಟೀಸ್ ಎಂಬ ಮುದುಕ ಏನನ್ನೂ ಹೇಳಿಕೊಡುತ್ತಿರಲಿಲ್ಲ, ಬರೀ ಪ್ರಶ್ನೆ ಕೇಳಿ ಕೇಳಿಯೇ ಎದುರಿನವರನ್ನು ಒಪ್ಪಿಸುತ್ತಿದ್ದ ಎಂದು ಓದಿದ್ದರು. ಅದನ್ನೇ ಪ್ರಯೋಗ ಮಾಡಿದರು.

“ನೋಡು, ಬೆಂಕಿ ಅಂದರೆ ನಾಲಿಗೆ ಸುಡುತ್ತಾ?”

“ಇಲ್ಲ.”

“ಸಕ್ಕರೆ ಅಂದರೆ ಬಾಯಿ ಸಿಹಿಯಾಗುತ್ತಾ?”

“ಇಲ್ಲ.”

“ಹಾಗಾದರೆ ನನ್ನ ಹೆಸರು ಹೇಳಿದರೆ ನನಗೇನಾಗುತ್ತೆ?”

“ಏನೂ ಆಗಲ್ಲ ಅಂತಲೇ ಇಟ್ಕೊಳ್ಳಿ. ಅದರಲ್ಲಿ ಏನೂ ಇಲ್ಲ ಅಂದಮೇಲೆ ಅದನ್ನ ಹೇಳಿಸೋಕೆ ನೀವು ಬೆಳಗಿನಿಂದ ಊಟ ಬಿಟ್ಟು ಯಾಕೆ ಒದ್ದಾಡ್ತಿದ್ದೀರಿ?”

ಸಾಕ್ರಟೀಸನಿಗೆ ಇಂಥ ಹೆಂಡತಿ ಎದುರಾಗಿದ್ದಳೋ ಇಲ್ಲವೋ ತಿಳಿಯದು. ಮೇಷ್ಟ್ರು ಪ್ರಶ್ನೆ ಬಿಟ್ಟು ನೇರವಾಗಿ ಕೈಮುಗಿದರು. “ಮಂಡ್ಯಕ್ಕೋಸ್ಕರ ಹೇಳು. ನಿಮ್ಮಮ್ಮನನ್ನ ತಿಂಗಳಿಗೊಂದು ಸಲ ನೋಡಬಹುದು.”

ಆಂಡಾಳ್ ಸೆರಗಿಗೆ ಕೈ ಒರೆಸಿಕೊಂಡಳು. ಅವಳಿಗೆ ಗಂಡನ ಆಯುಸ್ಸಿನ ಭಯ ನಿಜವಾಗಿಯೂ ಇತ್ತು. ಅಮ್ಮನನ್ನು ನೋಡುವ ಆಸೆಯೂ ಅಷ್ಟೇ ಇತ್ತು. ಕೊನೆಗೆ ದೇವರ ಮನೆಗೆ ಹೋಗಿ ಅಡ್ಡಬಿದ್ದು ಬಂದು, “ಹೇಳ್ತೀನಿ,” ಎಂದಳು.

ಸಂಜೆ ಸ್ಕೂಲಿನ ಹಾಲ್ ಜನರಿಂದ ಕಿಟಕಿಯವರೆಗೂ ತುಂಬಿತು. ಮೇಷ್ಟ್ರು ಮಾತಾಡಿದ್ದು ಚೆನ್ನಾಗಿಯೇ ಇತ್ತು. ಹೆಸರೆಂದರೆ ಏನು, ಅರ್ಥವೆಂದರೆ ಏನು ಎಂದೆಲ್ಲ ವಿವರಿಸಿದರು. ಆದರೆ ಜನ ಕಾಯುತ್ತಿದ್ದುದು ಅರ್ಥಕ್ಕಲ್ಲ. ಕೊನೆಗೆ ಅವರು ಹೆಂಗಸರ ಕಡೆಗೆ ಕೈ ತೋರಿಸಿದರು.

ಆಂಡಾಳ್ ಎದ್ದು ಕಂಬದ ಪಕ್ಕ ನಿಂತಳು. ಕಣ್ಣು ಮುಚ್ಚಿದಳು. “ನನ್ನ ಯಜಮಾನರ ಹೆಸರು ತಿರುನಾರಾಯಣ,” ಎಂದು ಸಭೆಯ ಕೊನೆಯ ಸಾಲಿಗೂ ಕೇಳುವ ಹಾಗೆ ಹೇಳಿದಳು.

ಸಭೆ ಉಸಿರು ಬಿಗಿಹಿಡಿದು ಮೇಷ್ಟ್ರನ್ನು ನೋಡಿತು. ಮೇಷ್ಟ್ರು ಬೀಳಲಿಲ್ಲ. ಆಂಡಾಳ್ ಮೆಲ್ಲಗೆ ಕಣ್ಣು ತೆರೆದು, ಅವರು ನಿಂತೇ ಇದ್ದುದನ್ನು ನೋಡಿದಳು.

“ಅಯ್ಯೋ, ಏನೂ ಆಗ್ನಿಲ್ಲ ಕಣಮ್ಮ,” ಎಂದಳು ಬೆಟ್ಟಮ್ಮ ಪಕ್ಕದವಳಿಗೆ. ಚಪ್ಪಾಳೆ ಬಿತ್ತು. ಅಮಲ್ದಾರರು ಎದ್ದು ತಮಗೆ ಹಾಕಿದ್ದ ಹಾರವನ್ನೇ ತೆಗೆದರು.

“ಭೇಷ್ ಮೇಷ್ಟ್ರೇ. ಮಂಡ್ಯದಲ್ಲಿರಬೇಕಾದವರು ನೀವು. ಆದರೆ ಈ ಹಾರ ನಿಮ್ಮ ಶ್ರೀಮತಿಯವರಿಗೆ ಸಲ್ಲಬೇಕು. ಅವರ ಹೆಸರೇನು ಹೇಳಿ, ಸಭೆಗೆ ತಿಳಿಸ್ತೀನಿ.”

ಮೇಷ್ಟ್ರು ಬಾಯಿ ತೆರೆದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವರು ಆ ಹೆಸರನ್ನು ಮನೆಯೊಳಗೂ ಆಡಿದವರಲ್ಲ. ಗಂಡಸಾದವನು ಹಿರಿಯರೆದುರು ಹೆಂಡತಿಯ ಹೆಸರು ಹೇಳಬಾರದೆಂದು ತಾಯಿ ಕಲಿಸಿದ್ದರು. ಆ ತಾಯಿ ಈಗ ಮುಂದಿನ ಸಾಲಿನಲ್ಲೇ ಕೂತು ಅವರನ್ನೇ ದಿಟ್ಟಿಸುತ್ತಿದ್ದರು.

“ಅವರು… ನಮ್ಮ ಮನೆಯವರು,” ಎಂದರು ಮೇಷ್ಟ್ರು.

“ಅದು ಗೊತ್ತು. ಹೆಸರು?”

“ಇವಳು… ಅಂದರೆ ಇವರು…”

“ಏಳಿ ಮೇಷ್ಟ್ರೇ, ಬರೀ ಸದ್ದು ತಾನೆ,” ಎಂದು ಹಿಂದಿನಿಂದ ಲಿಂಗಯ್ಯ ಧೈರ್ಯ ತುಂಬಿದ.

ಮೇಷ್ಟ್ರ ಕಿವಿ ಕೆಂಪಾಯಿತು. ತುಟಿ ಎರಡು ಸಲ ಅಲುಗಿತು, ಸದ್ದು ಬರಲಿಲ್ಲ. ಕಂಬದ ಪಕ್ಕ ಆಂಡಾಳ್ ಕಾದು ನಿಂತೇ ಇದ್ದಳು. ಅಮಲ್ದಾರರ ಹೆಂಡತಿ ಈಗ ಅಮಲ್ದಾರರ ಕಡೆಗೇ ತಿರುಗಿ ‘ನೀವಾದರೂ ನನ್ನ ಹೆಸರು ಹೇಳ್ತೀರಾ?’ ಎಂದು ಕೇಳುವವರ ಹಾಗೆ ನೋಡಿದರು. ಅಮಲ್ದಾರರು ಅವಸರವಾಗಿ ಹಾರವನ್ನು ಮೇಜಿನ ಮೇಲಿಟ್ಟು, ಸಭೆ ಮುಗಿಯಿತೆಂದರು. ಹೊರಡುವಾಗ ಹೆಡ್‌ಮೇಷ್ಟ್ರಿಗೆ, “ಭಾಷಣ ಚೆನ್ನಾಗಿತ್ತು. ಇನ್ನೊಂದೆರಡು ವರ್ಷ ಮಳವಳ್ಳಿಯಲ್ಲೇ ಅಭ್ಯಾಸ ಮಾಡಲಿ,” ಎಂದರು.

ಆಂಡಾಳ್ ಅತ್ತೆಯ ಜೊತೆ ಮುಂದೆ ನಡೆದಳು. ಮೇಷ್ಟ್ರು ಹಿಂದುಳಿದು, ಮನೆಗೆ ಹೋಗಲು ಮನಸ್ಸಾಗದೆ ಲಿಂಗಯ್ಯನ ಅಂಗಡಿಯ ಮೂಲೆಯಲ್ಲಿ ನಿಂತರು. ಸಭೆಯಿಂದ ಬಂದವರೆಲ್ಲ ಅಲ್ಲೇ ಸೇರಿ ಎಲೆಯಡಿಕೆ ಹಾಕುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ, ಅದೇ ಬೀದಿಯಲ್ಲಿ ನಾಲ್ಕಾರು ಮನೆ ಆಚೆಗಿದ್ದ ಮೇಷ್ಟ್ರ ಮನೆಯ ಬಾಗಿಲು ತೆರೆಯಿತು.

“ತಿರುನಾರಾಯಣರೇ, ಊಟಕ್ಕೆ ಬನ್ನಿ. ಎಲೆ ಹಾಕಿದೆ,” ಎಂದು ಆಂಡಾಳ್ ಜಗುಲಿಯಿಂದ ಕರೆದಳು.

ಅಂಗಡಿಯಲ್ಲಿದ್ದವರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ಅಲ್ಲಿಂದಲೇ ಕೂಗಿ ಅವಳನ್ನು ಸುಮ್ಮನಾಗಿಸೋಣವೆಂದು ಬಾಯಿ ತೆರೆದರು. ಅಷ್ಟು ದೂರದವಳನ್ನು ಏನೆಂದು ಕೂಗುವುದು ಎಂದು ಅವರು ಯೋಚಿಸುತ್ತಿರುವಾಗಲೇ ಆಂಡಾಳ್, ಈ ಸಲ ಬೀದಿಯ ಆ ತುದಿಗೂ ಕೇಳುವಂತೆ, ಇನ್ನೊಮ್ಮೆ ಅವರನ್ನು ಹೆಸರು ಹಿಡಿದು ಕರೆದಳು.