ಓ, ಸಾಕು ನೀ

ಇದೇ ಕೊನೆಯ ಮಾಮೂಲಿ ದಿನವೆಂದು ಯಾರೂ ಮೊದಲೇ ಹೇಳುವುದಿಲ್ಲ. ಹೇಳಿದ್ದರೆ ಆ ಸಂಜೆ ನಾನು ಮುಖ ಊದಿಸಿಕೊಂಡು ಕೂರುತ್ತಿರಲಿಲ್ಲ. ಮೊಳಕಾಲ್ಮುರಿನಲ್ಲಿ ನಾನೂ ಹೆಂಡತಿ ರತ್ನಮ್ಮನೂ ಒಂದೇ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದೆವು. ಒಡಲಿನ ಲಾಳಿ ನನ್ನದು, ಅಂಚಿನ ಲಾಳಿ ಅವಳದು. ಅಡುಗೆಗೆಂದು ಅವಳು ಮೊದಲೇ ಎದ್ದು, "ಒಸಾಕಿ ನಿ" ಎಂದು ಶುರುಮಾಡಿ ಇನ್ನೇನೋ ಉದ್ದಕ್ಕೆ ಹೇಳಿದಳು. ಜಪಾನಿ ಎಂದು ಗೊತ್ತಾಯಿತು. ಮಗ್ಗ ನೋಡಲು ಜಪಾನಿನ ಹೆಂಗಸೊಬ್ಬರು ಬಂದು ಹೋದ ಮೇಲೆ, ಚಳ್ಳಕೆರೆಯಲ್ಲಿ ಆ ಭಾಷೆಯ ಪಾಠ ಹೇಳುವ ತನ್ನ ತಂಗಿ ಮಗಳು ಸುಧಾಳಿಂದ ಫೋನಿನಲ್ಲಿ ದಿನಕ್ಕೊಂದು ಮಾತು ಕಲಿತು ನನ್ನ ಮೇಲೆ ಪ್ರಯೋಗಿಸುತ್ತಿದ್ದಳು. ಆದರೆ ನನ್ನ ಕಿವಿಗೆ ಬಿದ್ದದ್ದು "ಓ, ಸಾಕು ನೀ". ಮೂವತ್ತು ವರ್ಷ 'ರೀ' ಎಂದ ಬಾಯಲ್ಲಿ 'ನೀ'! ಜಪಾನಿಯ ಮರೆಯಲ್ಲಿ ಬೈದಳೆಂದೇ ತಿಳಿದೆ.

"ಏನಂದೆ?"

"ಮರ್ಯಾದೆ ಮಾತು ರೀ, ನಿಮಗೆ ತಿಳಿಯಲ್ಲ."

"ಮರ್ಯಾದೆ ಹಿಂಗೈತಾ?"

"ಸುಧಾನ್ನ ಕೇಳ್ರಿ, ಹೋಗ್ರಿ."

ಕೇಳಲಿಲ್ಲ. ಉಂಡು ಮಾತಾಡದೆ ಮಲಗಿದೆ. ಬೆಳಗ್ಗೆ ಅವಳು ಏಳಲಿಲ್ಲ.

ಹೋದಳೆಂಬುದನ್ನು ಹೇಗೋ ಒಪ್ಪಬಹುದು, ಬೈದು ಹೋದಳೆಂಬುದನ್ನು ಒಪ್ಪಲಾರೆ. ತಿಥಿ ಮುಗಿದ ಮೇಲೆ ಫೋನನ್ನು ಕೇಳಿದೆ. "ಒಸಾಕಿ" ಎಂದರೆ 'ಸಾಕೆ' ಎಂಬ ಜಪಾನಿ ಸಾರಾಯಿಯ ಬಾಟಲಿಗಳನ್ನು ತೋರಿಸಿತು. ಪಟ್ಟು ಬಿಡದೆ, ನೆನಪಿದ್ದ ಬಾಲವನ್ನೂ ಸೇರಿಸಿ ಕೇಳಿದ್ದಕ್ಕೆ, "ಮುಂಚಿತವಾಗಿ ಅಸಭ್ಯವಾಗುತ್ತೇನೆ" ಎಂದಿತು. ಚಳ್ಳಕೆರೆ ಬಸ್ಸು ಹತ್ತಿದೆ.

ನನ್ನ 'ಸಾಕು ನೀ' ಕೇಳಿ ನಕ್ಕ ಸುಧಾ ಅರ್ಧಕ್ಕೇ ನಿಲ್ಲಿಸಿದಳು. "ಬೈಗುಳ ಅಲ್ಲ ದೊಡ್ಡಪ್ಪ. ಜೊತೇಲಿ ಕೆಲಸ ಮಾಡೋರನ್ನ ಬಿಟ್ಟು ಮೊದಲು ಎದ್ದು ಹೋಗೋರು ಹೇಳೋ ಮಾತು. ನಿಮಗಿಂತ ಮುಂಚೆ ಹೊರಟೆ, ತಪ್ಪು ತಿಳೀಬ್ಯಾಡ್ರಿ ಅಂತ."

ನಾನು ಕೇಳಿದೆ, "ಅದಕ್ಕೆ ತಿರುಗಿ ಏನಾರ ಹೇಳೋದು ಐತೇನಮ್ಮ?"

"ಐತೆ. ಒತ್ಸುಕರೆಸಮ. ಬಾಳ ದುಡಿದಿದ್ದೀರಿ, ದಣಿದಿದ್ದೀರಿ ಅಂತ. ಕನ್ನಡದಾಗೆ ಸರಿಯಾಗಿ ಕೂರಲ್ಲ."

ವಾಪಸು ಬಸ್ಸಿನಲ್ಲಿ ಅದನ್ನೇ ಬಾಯಿಪಾಠ ಮಾಡಿದೆ. "ಯಾವ ದೇವರ ಮಂತ್ರ ಯಜಮಾನ್ರೆ?" ಎಂದ ಕಂಡಕ್ಟರ್.

"ಮಂತ್ರ ಅಲ್ಲಪ್ಪ, ಉತ್ತರ."

ಮೊಳಕಾಲ್ಮುರು ಬರುವಷ್ಟರಲ್ಲಿ ನಾಲಗೆ ತೊಡರದೆ ಬಂತು. ಕನ್ನಡದಲ್ಲಿ ಕೂರುವುದಿಲ್ಲ ಎಂದಳಲ್ಲ ಸುಧಾ, ನಾನು ಕೂರಿಸಿ ನೋಡಿದವನೇ ಅಲ್ಲ. ಮೂವತ್ತು ವರ್ಷದಲ್ಲಿ "ದಣಿದಿದ್ದೀಯ ಕಣೆ" ಎಂದು ಒಂದು ಸಲವೂ ಹೇಳಲಿಲ್ಲ. ಈಗ ಜಪಾನಿಯಲ್ಲಿ ಬರುತ್ತದೆ. ಅವಳಿಲ್ಲ.