ಹಗುರಾದ ಕಂಪ್ಯೂಟರೂ ಚಿಗವ್ವನ ಹಾಡುಗಳೂ

ಆ ದಿನ ನಾನು ನಿಖರವಾಗಿ ಏನೆಂದೆ ಎಂಬುದು ನೆನಪಿಲ್ಲ. "ಈ ಫೈಲು ಕೆಟ್ಟಂಗ ಕಾಣ್ತದ" ಎಂದೆ ಎಂಬುದು ನನ್ನ ವಾದ. "ಈ ಕಸಾ ತಗದು ಒಗೀತೇನಿ" ಎಂದಿರಿ ಎಂಬುದು ಹೆಂಡತಿ ಸುನಂದಾಳ ವಾದ. ನಾನು ಧಾರವಾಡದಲ್ಲಿ ತತ್ತ್ವಶಾಸ್ತ್ರ ಓದಿದವನು. ಮನುಷ್ಯನ ನೆನಪನ್ನು ನಂಬಬಾರದು ಎಂದು ಎರಡು ವರ್ಷ ಕಲಿತು ಪದವಿ ಪಡೆದಿದ್ದೇನೆ. ಸುನಂದಾ ಓದಿದ್ದು ಪಿಯುಸಿ. ಆದರೂ ಇಂಥ ಜಗಳಗಳಲ್ಲಿ ಅವಳ ನೆನಪೇ ಗೆಲ್ಲುತ್ತದೆ. ಹಾಗಾಗಿ ಮುಂದಿನ ವಿವರಗಳಲ್ಲಿ ತಪ್ಪಿರಬಹುದು. ತಪ್ಪು ನನ್ನದು ಎಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ.

ಹಿರೇಕೆರೂರಿನ ನಮ್ಮ ಮನೆಯ ಕಂಪ್ಯೂಟರ್ ಹಳೆಯದು. ಗುಂಡಿ ಒತ್ತಿ, ಚಹಾ ಕಾಸಿ ಕುಡಿದು, ಕಪ್ಪುಬಸಿ ತೊಳೆದಿಟ್ಟು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತು. ಕೊನೆಗೆ ಸವಣೂರಿನ ದಾದಾಪೀರನನ್ನು ಕರೆಸಿದೆ. ಕಂಪ್ಯೂಟರ್ ರಿಪೇರಿ ಅವನ ಕಸುಬು. ಅವನು ಫೈಲುಗಳನ್ನೆಲ್ಲ ನಮ್ಮ ಪೆನ್‌ಡ್ರೈವಿಗೆ ಇಳಿಸಿ, ಯಂತ್ರವನ್ನು ಪೂರ್ತಿ ಒರೆಸಿ, ಎಲ್ಲವನ್ನೂ ಹೊಸದಾಗಿ ಹಾಕಿ, ಫೈಲುಗಳನ್ನು ಮತ್ತೆ ಒಳಗಿಟ್ಟ.

"ಸರ, ಮಷಿನ್‌ಗೆ ವಯಸ್ಸಾಗೇದ. ಭಾರ ಹೇರಬ್ಯಾಡ್ರಿ. ಹಗೂರದ್ದು ಅಷ್ಟ ಹಾಕ್ರಿ. ಹಳೇ ಕನ್ನಡ ಫಾಂಟ್ ಹಾಕ್ಲೇನ್ರಿ?"

"ಅದ್ಯಾಕೋ? ಈಗ ಮೊಬೈಲ್‌ನ್ಯಾಗ ಸುದ್ದಾ ಕನ್ನಡ ತಾನ ಬರ್ತದ. ಭಾರ ಬ್ಯಾಡನ್ನಾಂವನೂ ನೀನ, ಹೇರಾಂವನೂ ನೀನ!"

"ಆತ್ರಿ ಸರ. ನೀವು ಕಲ್ತಾವ್ರು," ಎಂದು ದಾದಾಪೀರ ಚೀಲ ಹೆಗಲಿಗೇರಿಸಿ ಬಸ್ಸು ಹಿಡಿದ. ಅದನ್ನು ನಾನು ಹೊಗಳಿಕೆಯೆಂದೇ ತಿಳಿದೆ.

ಮರುದಿನ ಸಂಶೋಧನೆ ಆರಂಭವಾಯಿತು. ಗೋವಿನಜೋಳದ ವ್ಯಾಪಾರಿ ಚೀಲ ತೂಗುವಂತೆ ಒಂದೊಂದು ತಂತ್ರಾಂಶವನ್ನೂ ತೂಗಿ ಇಳಿಸಿಕೊಂಡೆ. ಬರೆಯಲು ನಾಲ್ಕು, ಚಿತ್ರ ನೋಡಲು ಮೂರು, ಹಾಡು ಕೇಳಲು ಮೂರು, ಕಸ ಗುಡಿಸಲು ಎರಡು. ಒಂದೊಂದೂ ಹತ್ತಿಯಷ್ಟು ಹಗುರ! ಹನ್ನೆರಡೂ ಸೇರಿದಾಗ ಯಂತ್ರ ಮತ್ತೆ ಏದುಸಿರು ಬಿಟ್ಟಿತು. ಹತ್ತನ್ನು ಕಿತ್ತೊಗೆದು, ಬರೆಯುವುದೊಂದನ್ನೂ ಗುಡಿಸುವುದೊಂದನ್ನೂ ಉಳಿಸಿಕೊಂಡೆ. ಕಂಪ್ಯೂಟರ್ ಕುದುರೆಯಾಯಿತು.

ಪರೀಕ್ಷೆಗೆಂದು ಕೈಗೆ ಸಿಕ್ಕ ಫೈಲೊಂದನ್ನು ತೆರೆದೆ. ಅದು ಸುನಂದಾಳದು.

ತಡಸದ ಚಿಗವ್ವ, ಅಂದರೆ ಸುನಂದಾಳ ತಾಯಿಯ ತಂಗಿ, ಮದುವೆಯ ಸೋಬಾನ ಪದಗಳನ್ನು ಬಲ್ಲವಳಾಗಿದ್ದಳು. ಸುಮ್ಮನೆ ಕೇಳಿದರೆ ಅವಳಿಗೆ ಪದ ಬರುತ್ತಿರಲಿಲ್ಲ. ಮೊರ ಕೊಟ್ಟು ಜೋಳ ಹಸನು ಮಾಡಲು ಕೂಡಿಸಬೇಕು, ಆಗ ಬರುತ್ತಿತ್ತು. ನಡುವೆ ತಡೆದರೆ ಮತ್ತೆ ಮೊದಲಿನಿಂದ. ಎರಡು ಬೇಸಿಗೆ ಅವಳು ನಮ್ಮ ಮನೆಯಲ್ಲಿದ್ದು ಕಂಪ್ಯೂಟರಿನ ಪಕ್ಕ ಕೂತು ಕೇರಿದಳು. ಮದುವೆಗೆ ಮುಂಚೆ ಡಿಟಿಪಿ ಅಂಗಡಿಯಲ್ಲಿ ಕೆಲಸ ಮಾಡಿದ್ದ ಸುನಂದಾ ಕೇಳುತ್ತಲೇ ಟೈಪು ಮಾಡಿದಳು. ಕೀಲಿಮಣೆಯ ಸಂದಿಗಳಲ್ಲಿ ಈಗಲೂ ಹೊಟ್ಟು ಸಿಗುತ್ತದೆ. ಚಿಗವ್ವ ಅದರ ಹಿಂದಿನ ವರ್ಷ ತೀರಿಕೊಂಡಿದ್ದಳು. ನಾನು ಫೈಲು ತೆರೆದ ದಿನದಿಂದ ಹದಿನೈದು ದಿನಕ್ಕೆ ತಡಸದಲ್ಲಿ ಸುನಂದಾಳ ಅಣ್ಣನ ಮಗಳ ಮದುವೆಯಿತ್ತು. ಪದಗಳನ್ನು ಸುನಂದಾಳೇ ಹೇಳಬೇಕೆಂದು ಮನೆಯ ಹೆಂಗಸರೆಲ್ಲ ನಿಶ್ಚಯಿಸಿದ್ದರು. ಬೇರೆ ಯಾರಿಗೂ ಬರುತ್ತಿರಲಿಲ್ಲ; ಅವಳಿಗೂ ಫೈಲು ನೋಡಿಯೇ ಹೇಳಬೇಕಿತ್ತು.

ಫೈಲು ತಕ್ಷಣ ತೆರೆಯಿತು. ಒಳಗೆ ಹಾಡಿರಲಿಲ್ಲ! ಸೊಟ್ಟ ಇಂಗ್ಲಿಷ್ ಅಕ್ಷರ, ಅವುಗಳ ತಲೆಯ ಮೇಲೆ ಚುಕ್ಕಿ, ನಡುನಡುವೆ ಪೌಂಡಿನ ಗುರುತು.

"ಸುನಂದಾ, ನಿನ್ನ ಹಾಡಿಗೆ ವೈರಸ್ ಹತ್ತೇದ!"

ಅವಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. "ಹೋದ ವಾರ ಚಲೋ ಇತ್ತಲ್ರಿ?"

"ಹೋದ ವಾರ ಮೈಯಾಗ ಅಡಗಿತ್ತು. ಈಗ ಹೊರಗ ಬಂದದ."

"ದಾದಾಪೀರಗ ಒಂದ ಮಾತ ಕೇಳ್ರಿ."

"ಅಂವನ್ನೇನ್ ಕೇಳೋದು? ನನ್ನ ಕಣ್ಣಿಗೇ ಕಾಣಾಕತ್ತೇದಲ್ಲ!"

ವಿವಾದಿತ ವಾಕ್ಯವನ್ನು ನಾನು ಹೇಳಿದ್ದು ಇಲ್ಲಿಯೇ ಇರಬೇಕು. ಎಲ್ಲವನ್ನೂ ಸಂದೇಹಿಸು ಎಂದು ನನ್ನ ಗುರುಗಳು ಕಲಿಸಿದ್ದರು. ಫೈಲನ್ನು ಸಂದೇಹಿಸಿದೆ, ಪೆನ್‌ಡ್ರೈವನ್ನು ಸಂದೇಹಿಸಿದೆ, ದಾದಾಪೀರನನ್ನೂ ಸಂದೇಹಿಸಿದೆ. ಒಬ್ಬನನ್ನು ಮಾತ್ರ ಬಿಟ್ಟೆ.

ಸೋಂಕಿನ ಮೂಲವೆಂದು ಮೊದಲು ಪೆನ್‌ಡ್ರೈವನ್ನು ಒರೆಸಿ ಖಾಲಿ ಮಾಡಿದೆ. ಆಮೇಲೆ ಫೈಲನ್ನು ಗುಡಿಸುವ ತಂತ್ರಾಂಶಕ್ಕೆ ಒಪ್ಪಿಸಿದೆ. ಅಳಿಸಿದ್ದು ಮತ್ತೆಂದೂ ಸಿಗುವುದಿಲ್ಲ ಎಂದು ಅದು ಭರವಸೆ ಕೊಟ್ಟಿತ್ತು. ನಾನು ಕಂಡ ತಂತ್ರಾಂಶಗಳಲ್ಲಿ ಮಾತಿಗೆ ತಪ್ಪದ್ದು ಅದೊಂದೇ.

"ತಡೀರಿ, ಬಂದೆ!" ಎಂದು ಸುನಂದಾ ಕೂಗಿದಳು. ರೊಟ್ಟಿ ಹಂಚಿನ ಮೇಲಿತ್ತು. ತಿರುವಿ ಹಾಕಿ ಬಂದಳು. ಹಳೆಯ ನಿಧಾನದ ಯಂತ್ರವಾಗಿದ್ದರೆ ಅವಳು ಬಂದು ನನ್ನ ಕೈ ಹಿಡಿಯುವಷ್ಟು ಹೊತ್ತು ಸಿಗುತ್ತಿತ್ತು. ಹೊಸದಾಗಿ ಹಗುರಾದ ಯಂತ್ರ ಅಷ್ಟರಲ್ಲಿ ಕೆಲಸ ಮುಗಿಸಿ ಮುಂದಿನ ಆಜ್ಞೆಗೆ ಕಾಯುತ್ತಿತ್ತು!

ಎರಡು ದಿನದ ಮೇಲೆ ದಾದಾಪೀರ ಬಂದ. ಬಹಳ ಹೊತ್ತು ಹುಡುಕಿದ. ಆಮೇಲೆ ಡಾಕ್ಟರಂತೆ ಕೇಳಿದ: "ಸರ, ನಡುವ ಪೌಂಡಿನ ಗುರ್ತು ಇದ್ದವೇನ್ರಿ?"

"ಭಾಳ ಇದ್ದವು."

"ತಲೀ ಮ್ಯಾಲೆ ಚುಕ್ಕಿ?"

"ಇದ್ದವು."

"ಅದು ವೈರಸ್ ಅಲ್ರಿ ಸರ. ಅದ ಕನ್ನಡ. ಹಳೇ ಫಾಂಟ್ ಇಲ್ಲಂದ್ರ ಹಂಗ ಕಾಣ್ತದ್ರಿ."

ಬಾಗಿಲಲ್ಲಿ ನಿಂತಿದ್ದ ಸುನಂದಾ ಕೇಳಿದಳು: "ಅಂದ್ರ ಚಿಗವ್ವನ ಪದಾ ಎಲ್ಲಾ ಅದರಾಗ ಇದ್ದವೇನಪಾ?"

"ಇದ್ದವು ಅಕ್ಕಾರ," ಎಂದ ದಾದಾಪೀರ. ಅವನು ನನ್ನ ಮುಖ ನೋಡಲಿಲ್ಲ. ಅವಳೂ ನೋಡಲಿಲ್ಲ. ನೋಡಿಕೊಳ್ಳುವ ಧೈರ್ಯ ನನಗೂ ಇರಲಿಲ್ಲ.

ಉಳಿದ ದಿನಗಳಲ್ಲಿ ಸುನಂದಾ ಮೊರ ಹಿಡಿದು ಕೂತು ಪದಗಳನ್ನು ನೆನಪಿಸಿಕೊಳ್ಳಲು ನೋಡಿದಳು. ಸಹಾಯ ಮಾಡಲು ಹೋದೆ. "ನೀವು ಹೊರಗ ಕುಂತ್ರ ಅದ ದೊಡ್ಡ ಸಹಾಯ," ಎಂದಳು. ಹೊರಗೆ ಕೂತೆ.

ಮದುವೆಯಲ್ಲಿ ಅರಿಶಿಣ ಹಚ್ಚುವಾಗ ಅವಳು ಪದ ಎತ್ತಿದಳು. ನಾಲ್ಕು ಸಾಲು ಬಂತು. ಐದನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಶುರು ಮಾಡಿದಳು. ಮೂರನೆಯ ಸಲವೂ ಅಲ್ಲಿಗೇ ನಿಂತಾಗ ಮದುಮಗಳ ಗೆಳತಿಯೊಬ್ಬಳು, "ಇರ್ಲಿ ಬಿಡ್ರಿ ಅತ್ತಿ," ಎಂದು ಮೊಬೈಲಿನಲ್ಲಿ ಸಿನಿಮಾ ಹಾಡು ಹಚ್ಚಿದಳು. ಎಲ್ಲರಿಗೂ ಖುಷಿಯಾಯಿತು. ಸುನಂದಾಳ ಕೈಗಳು ಮಡಿಲಲ್ಲಿ ಮೊರ ಹಿಡಿದಂತೆ ಅಲುಗುತ್ತಿದ್ದವು. ಅಥವಾ ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು.

ಊರಿಗೆ ಮರಳುವ ಮುಂಚೆ ಒಬ್ಬನೇ ಸವಣೂರಿಗೆ ಹೋಗಿ ದಾದಾಪೀರನ ಅಂಗಡಿಯಲ್ಲಿ ಒಂದು ಸಂಗತಿಯನ್ನು ಪರಿಶೀಲಿಸಿದೆ. ನಾನು ಭಾರವೆಂದು ಬೇಡವೆಂದ ಆ ಫಾಂಟು, ಅದೇ ಮದುವೆಯಲ್ಲಿ ನಾನು ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಹಗುರ. ಎರಡು ಸಲ ನೋಡಿದ್ದೇನೆ. ಇದರಲ್ಲಿ ಸಂದೇಹವಿಲ್ಲ.