ಎಂಟನೇ ಇನಿಂಗ್ಸ್‌ನಲ್ಲಿ ನಾನು ಬಾಯಿ ತೆರೆದದ್ದು

ಒಂದೇ ದಿನ ಮೂರು ಮ್ಯೂಸಿಯಂ, ಸಂಜೆಗೆ ಒಂದು ಬೇಸ್‌ಬಾಲ್ ಪಂದ್ಯ, ನಡುವೆ ಒಂದೇ ಒಂದು ಜಗಳವಿಲ್ಲ! ನಮ್ಮೂರು ಸಲೈನಾದಿಂದ ಕಾನ್ಸಾಸ್ ಸಿಟಿಗೆ ಹೊರಟ ಶನಿವಾರ ಬೆಳಿಗ್ಗೆ, ಸ್ಟಿಯರಿಂಗ್ ಮೇಲೆ ಕೈಯಿಟ್ಟು ನಾನು ಮಾಡಿದ ಘೋರ ಪ್ರತಿಜ್ಞೆ ಇದು. ಮೂವತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಬೋಧಿಸಿದವನಿಗೆ ಒಬ್ಬ ಹೆಂಡತಿಯನ್ನು ಊರು ಸುತ್ತಿಸುವುದು ಯಾವ ಮಹಾ ಕೆಲಸ?

"ಮ್ಯೂಸಿಯಂ ನಿಂದು, ಪಂದ್ಯ ನಂದು," ಎಂದಳು ಡೀಲಿಯಾ. "ಅಲ್ಲಿ ನಾನು ತುಟಿ ಬಿಚ್ಚಲ್ಲ. ಪಂದ್ಯದಲ್ಲಿ ನೀನು ಬಿಚ್ಚಬೇಡ. ಆಯ್ತಾ ಮರ್ಲ್?"

"ಆಯ್ತು ಮಹಾರಾಣಿ!"

ಅವಳು ಮಾತು ಉಳಿಸಿಕೊಂಡಳು. ಮಹಾಯುದ್ಧದ ಫಿರಂಗಿಗಳ ಮುಂದೆ, ಮುಳುಗಿದ ಹಡಗಿನ ಸಾಮಾನುಗಳ ಮುಂದೆ, ಹಳೇ ಚಿತ್ರಗಳ ಮುಂದೆ ನಾನು ಗಂಟಲು ಹರಿಯುವಂತೆ ಉಪನ್ಯಾಸ ಕೊಟ್ಟೆ. ಒಬ್ಬ ಗೈಡ್ ಮೌನವಾಗಿ ತನ್ನ ಗುಂಪನ್ನು ಪಕ್ಕದ ಕೋಣೆಗೆ ಸಾಗಿಸಿದ. ಡೀಲಿಯಾಳ ಕಾಲು ಊದಿಕೊಂಡವು, ಆದರೂ ಅವಳು ಉಸಿರೆತ್ತಲಿಲ್ಲ.

ಸ್ಟೇಡಿಯಂನಲ್ಲಿ ಅವಳು ತೊಡೆಯ ಮೇಲೆ ಸ್ಕೋರ್ ಪುಸ್ತಕ ಬಿಡಿಸಿ ಪೆನ್ಸಿಲ್ ಹಿಡಿದಳು. ಒಂಬತ್ತನೇ ವಯಸ್ಸಿನಲ್ಲಿ ಅವಳಿಗೆ ಸ್ಕೋರ್ ಬರೆಯಲು ಕಲಿಸಿದ್ದು ಅವಳಪ್ಪ. ಅಪ್ಪ-ಮಗಳು ಅದೇ ಸ್ಟ್ಯಾಂಡಿನಲ್ಲಿ ನಲವತ್ತು ವರ್ಷ ಕೂತು ಕಾದದ್ದು ಒಂದೇ ಒಂದು ನೋ-ಹಿಟರ್‌ಗೆ. ಅಂದರೆ ಒಂಬತ್ತು ಇನಿಂಗ್ಸ್ ಪೂರ್ತಿ ಎದುರು ತಂಡಕ್ಕೆ ಒಂದೂ ಹಿಟ್, ಅಂದರೆ ಚೆಂಡು ಬಾರಿಸಿ ಓಡುವ ಅವಕಾಶ, ಸಿಗದ ಪಂದ್ಯ. ಅದನ್ನು ನೋಡದೆಯೇ ಮಾವ ಕಳೆದ ಚಳಿಗಾಲ ತೀರಿಕೊಂಡರು. ಅವರಿಲ್ಲದೆ ಡೀಲಿಯಾ ಬಂದ ಮೊದಲ ಪಂದ್ಯ ಇದು.

ನಾನು ಹಾಟ್‌ಡಾಗ್ ತಿಂದು, ಮ್ಯೂಸಿಯಂನಲ್ಲಿ ಕೊಂಡ ಪುಸ್ತಕದಲ್ಲಿ ಮುಳುಗಿದೆ. ಆರನೇ ಇನಿಂಗ್ಸ್ ಹೊತ್ತಿಗೆ ಸುತ್ತಲೂ ಸದ್ದಡಗಿತ್ತು. ಚೆಂಡೆಸೆಯುವ ಪಿಚರ್ ಬೆಂಚಿನಲ್ಲಿ ಒಬ್ಬನೇ ಕೂತಿದ್ದನಂತೆ, ಅವನ ತಂಡದವರೇ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ಹಾಗಾಯಿತೆಂದರೆ ಏನು ನಡೆಯುತ್ತಿದೆಯೆಂದು ಬೇಸ್‌ಬಾಲ್ ನೋಡುವವರಿಗೆಲ್ಲ ಗೊತ್ತು. ಆದರೆ ಆ ಪದವನ್ನು ಯಾರೂ ಆಡುವುದಿಲ್ಲ. ಆಡಿದರೆ ಅಲ್ಲಿಗೆ ಕೆಟ್ಟಿತು! ಇದು ನನಗೂ ಚೆನ್ನಾಗಿ ಗೊತ್ತು. ಆದರೆ ನಾನು ಆಗ ಫಿರಂಗಿಗಳ ಅಧ್ಯಾಯದಲ್ಲಿದ್ದೆ.

ಎಂಟನೇ ಇನಿಂಗ್ಸ್‌ನಲ್ಲಿ ತಲೆಯೆತ್ತಿದೆ. ಹೆಂಡತಿಯ ಆಟದಲ್ಲಿ ನನಗೂ ಆಸಕ್ತಿಯಿದೆಯೆಂದು ತೋರಿಸೋಣ ಅನ್ನಿಸಿತು. ಸ್ಕೋರ್‌ಬೋರ್ಡ್ ನೋಡಿ, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಹೇಳಿದೆ:

"ಡೀಲಿಯಾ! ಇವ್ರು ಒಂದೂ ಹಿಟ್ ಹೊಡ್ದಿಲ್ವಲ್ಲೇ! ಇದು ನೋ-ಹಿಟರ್ ಅಲ್ವಾ?"

ಮೂರು ಸಾಲು ಜನ ಒಟ್ಟಿಗೆ ತಿರುಗಿದರು. ಹಿಂದಿನ ಅಜ್ಜಿ ಕಡಲೆಕಾಯಿ ಪೊಟ್ಟಣ ಬಿಟ್ಟು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಮುಂದಿನ ದಡೂತಿ ಮನುಷ್ಯ ಡೀಲಿಯಾಳನ್ನು ಕೇಳಿದ, "ಇವ್ರು ನಿಮ್ಮ ಯಜಮಾನ್ರಾ?"

"ಕಾರು ಓಡಿಸ್ಕೊಂಡು ಬಂದವ್ರು," ಎಂದಳು ಡೀಲಿಯಾ.

ಮರುಚೆಂಡಿಗೇ ಟಕ್ ಎಂದಿತು! ಚೆಂಡು ಮೂವರು ಆಟಗಾರರ ನಡುವೆ ಯಾರಿಗೂ ಎಟುಕದೆ ಹುಲ್ಲಿನ ಮೇಲೆ ಬಿತ್ತು. ಇಡೀ ಸ್ಟೇಡಿಯಂ ನಿಟ್ಟುಸಿರಿಟ್ಟಿತು. ಸ್ಟ್ಯಾಂಡಿನ ಸಿಬ್ಬಂದಿಯೊಬ್ಬಳು ಬಗ್ಗಿ ನನ್ನ ಕಿವಿಯಲ್ಲಿ, "ಸಾರ್, ಬೇರೆ ಸೀಟ್ ಕೊಡ್ಲಾ? ನಿಮ್ಮ ಒಳ್ಳೇದಕ್ಕೇ ಕೇಳ್ತಿದೀನಿ," ಎಂದಳು.

ನಾನು ಡೀಲಿಯಾಳ ಮುಖ ನೋಡಿದೆ. ಪೆನ್ಸಿಲ್ ಹಾಳೆಯ ಮೇಲೆ ನಿಂತುಬಿಟ್ಟಿತ್ತು, ಕಣ್ಣು ತುಂಬಿತ್ತು. ನಲವತ್ತು ವರ್ಷ ಕಾದದ್ದನ್ನು ನಾನು ಒಂದು ಮಾತಿನಲ್ಲಿ ಕೆಡಿಸಿದ್ದೆ.

"ತಪ್ಪಾಯ್ತು ಡೀಲಿಯಾ."

"ಹೂಂ. ಅದನ್ನೇ ಬರೀತಿದೀನಿ," ಎಂದು ಅವಳು ಪೆನ್ಸಿಲ್ ಒತ್ತಿ ಬರೆದಳು.

ಆಮೇಲೆ ಎದುರು ತಂಡಕ್ಕೆ ಇನ್ನೊಂದು ಹಿಟ್ ಸಿಗಲಿಲ್ಲ. ಪಂದ್ಯ ಮುಗಿದಾಗ ದಡೂತಿ ಮನುಷ್ಯ ಅವಳ ಪುಸ್ತಕ ಇಣುಕಿದ.

"ಅಮ್ಮಾ, ಎಂಟನೇದ್ರಲ್ಲಿ ಆ ಹಿಟ್ ಬರ್ದೇ ಇಲ್ವಲ್ಲ?"

"ಅದು ಹಿಟ್ ಅಲ್ಲಪ್ಪ, ಎರರ್. ನಮ್ಮ ಕಡೆಯವ್ರ ತಪ್ಪಿಂದ ಅವ್ರು ಓಡಿದ್ರೆ ಅದು ಹಿಟ್ ಲೆಕ್ಕಕ್ಕೆ ಬರಲ್ಲ. ಹಾಗಾಗಿ ನಮ್ಮಪ್ಪನ ನೋ-ಹಿಟರ್ ಪೂರ್ತಿಯಾಯ್ತು."

"ಯಾವ ಆಟಗಾರನ ತಪ್ಪು?"

ಡೀಲಿಯಾ ಪುಸ್ತಕ ತಿರುಗಿಸಿ ತೋರಿಸಿದಳು. ಮೈದಾನದಲ್ಲಿದ್ದವರು ಒಂಬತ್ತು ಜನ. ಅವಳು ಬರೆದಿದ್ದು ಹತ್ತನೆಯವನ ಹೆಸರು: "ಮರ್ಲ್, ಹದಿನಾಲ್ಕನೇ ಸೀಟು."

ಆತ ಟೋಪಿ ತೆಗೆದು, "ನ್ಯಾಯವಾದ ತೀರ್ಪು," ಎಂದ.

ಡೀಲಿಯಾ ಪೆನ್ಸಿಲ್ ನನ್ನ ಕೈಗಿಟ್ಟು, "ರುಜು ಹಾಕು," ಎಂದಳು. ಹಾಕಿದೆ.